ಎ.ಸಿ.ಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕೇ?

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕರಾವಳಿಯಲ್ಲಿ ಒಂದು ಪ್ರಶ್ನೆ ಮನೆಯಿಂದ ಮನೆಗೆ ಓಡಾಡತೊಡಗುತ್ತದೆ. "ಟೀಚರ್, ನಿಮ್ಮ ಎ.ಸಿ.ಗೆ ಗ್ಯಾಸ್ ತುಂಬಿಸಿ ಆಯಿತಾ?" ಮಳೆಗಾಲಕ್ಕೆ ಮೊದಲು ಹಂಚು ಸರಿಪಡಿಸುವ ಹಾಗೆ, ಬೇಸಿಗೆಗೆ ಮೊದಲು ಎ.ಸಿ.ಗೆ ಗ್ಯಾಸ್ ತುಂಬಿಸುವುದು ವರ್ಷದ ಮಾಮೂಲಿ ಖರ್ಚು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ನಮ್ಮ ಮನೆಗೆ ಎ.ಸಿ. ಬಂದ ಮರುವರ್ಷವೇ ತಂಪು ಕಡಿಮೆಯಾಯಿತು. ಮೆಕ್ಯಾನಿಕ್ ಬಂದರು. ಹತ್ತು ನಿಮಿಷ ಹೊರಗೆ ನಿಂತು ಏನೋ ನೋಡಿದರು. "ಗ್ಯಾಸ್ ಇಲ್ಲ ಮೇಡಂ" ಎಂದರು. ಎರಡೂವರೆ ಸಾವಿರ ರೂಪಾಯಿ. ಮುಂದಿನ ಬೇಸಿಗೆಯಲ್ಲಿ ಪುನಃ ಅದೇ ಮಾತು, ಅದರ ಮುಂದಿನ ಬೇಸಿಗೆಯಲ್ಲೂ ಅದೇ. ಆಗ ದರ ಮೂರು ಸಾವಿರಕ್ಕೆ ಏರಿತ್ತು. ಮನೆಯವರು ಊರಲ್ಲಿಲ್ಲದಿರುವಾಗ ಮನೆಗೆ ಬಂದ ಮೆಕ್ಯಾನಿಕ್‌ನೊಂದಿಗೆ ವಾದಿಸುವಷ್ಟು ತಿಳಿವಳಿಕೆ ನಮಗೆಲ್ಲಿದೆ? ಕೇಳಿದಷ್ಟು ಕೊಟ್ಟು ಕಳಿಸಿದೆ.

ನಾಲ್ಕನೆಯ ವರ್ಷ ಆ ಮೆಕ್ಯಾನಿಕ್ ಸಿಗಲಿಲ್ಲ. ಐಟಿಐ ಮುಗಿಸಿದ ಒಬ್ಬ ಹುಡುಗ ಬಂದ. ಅವನು ಸಿಲಿಂಡರ್ ತಂದಿರಲೇ ಇಲ್ಲ. ಗೋಡೆಯಲ್ಲಿದ್ದ ಎ.ಸಿ.ಯ ಮುಂದಿನ ಮುಚ್ಚಳವನ್ನು ಎರಡು ಕೈಗಳಿಂದ ಮೇಲಕ್ಕೆತ್ತಿ, ಒಳಗಿನಿಂದ ಒಂದು ಜಾಳಿಗೆಯನ್ನು ಎಳೆದು ನನ್ನ ಮುಂದೆ ಹಿಡಿದ. ಹಳೆಯ ಕಂಬಳಿಯ ತುಂಡಿನಂತೆ ಬೂದು ಬಣ್ಣದ ಧೂಳು ದಪ್ಪಗೆ ಕೂತಿತ್ತು. "ಇದನ್ನು ಕೊನೆಯ ಸಲ ಯಾವಾಗ ತೊಳೆದದ್ದು ಮೇಡಂ?" ಎಂದು ಕೇಳಿದ. ಆ ಮುಚ್ಚಳ ತೆರೆಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಅವನು ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುವ ಸೋಪಿನ ನೊರೆ ಕೇಳಿ ಪಡೆದು, ತಾಮ್ರದ ಕೊಳವೆ ಜೋಡಿಸಿದ ನಟ್ಟಿಗೆ ಹಚ್ಚಿದ. ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಮೂರು ವರ್ಷಗಳಿಂದ ನಾವು ಹಣ ಕೊಟ್ಟು ತುಂಬಿಸಿದ ಗ್ಯಾಸ್ ಇದೇ ಜಾಗದಿಂದ ಹೊರಗೆ ಹೋಗಿತ್ತು. ಅಡುಗೆ ಗ್ಯಾಸ್‌ನ ಸಿಲಿಂಡರ್ ಸೋರುತ್ತದೆಯೇ ಎಂದು ನಾವು ನೋಡುವುದೂ ಹೀಗೆಯೇ ತಾನೇ? ಅಷ್ಟು ಸುಲಭದ ಪರೀಕ್ಷೆಯನ್ನು ಮೂರು ವರ್ಷ ಯಾರೂ ಮಾಡಿರಲಿಲ್ಲ.

ಎ.ಸಿ. ಒಂದು ಕಾಲದಲ್ಲಿ ಗಲ್ಫ್‌ನಲ್ಲಿರುವವರ ಮನೆಯ ವಸ್ತುವಾಗಿತ್ತು. ಅಲ್ಲಿನ ಫ್ಲ್ಯಾಟ್‌ಗಳಲ್ಲಿ ಅದರ ದುರಸ್ತಿ ಕಟ್ಟಡದವರ ಕೆಲಸ. ಆದ್ದರಿಂದ ಹತ್ತು ವರ್ಷ ಎ.ಸಿ. ಕೆಳಗೆ ಮಲಗಿ ಬಂದವರಿಗೂ ಅದರ ಒಳಗೇನಿದೆ ಎಂದು ತಿಳಿದಿರುವುದಿಲ್ಲ. ಈಗ ಊರಿನ ಸಾಮಾನ್ಯ ಮನೆಗಳಲ್ಲೂ ಅದು ಬಂದಿದೆ. ಅದನ್ನು ನೋಡಿಕೊಳ್ಳುವ ಹೊಣೆ ಹೆಚ್ಚಾಗಿ ಮನೆಯಲ್ಲಿರುವ ಹೆಣ್ಣಿನದ್ದೇ.

ಅಡುಗೆ ಮನೆಯಲ್ಲೇ ಇದೆ ಇದರ ಪಾಠ

ಎ.ಸಿ. ತಂಪನ್ನು ತಯಾರಿಸುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ಸರಿಯಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದಷ್ಟೇ ಅದರ ಕೆಲಸ. ಮನೆಯೊಳಗೆ ಬಂದ ನೀರನ್ನು ಬಕೆಟ್‌ನಲ್ಲಿ ಮೊಗೆದು ಅಂಗಳಕ್ಕೆ ಚೆಲ್ಲಿದ ಹಾಗೆ. ಇಲ್ಲಿ ಆ ಬಕೆಟ್ಟೇ ಗ್ಯಾಸ್.

ಮದುವೆ ಮನೆಯ ದೊಡ್ಡ ಒಲೆಗೆ ಜೋಡಿಸಿದ ಸಿಲಿಂಡರನ್ನು ಮುಟ್ಟಿ ನೋಡಿದ್ದೀರಾ? ಬಿರಿಯಾನಿ ಬೇಯುವ ಬೆಂಕಿಯ ಪಕ್ಕದಲ್ಲೇ ಇದ್ದರೂ ಸಿಲಿಂಡರ್ ಮಾತ್ರ ಕೊರೆಯುವಷ್ಟು ತಣ್ಣಗಿರುತ್ತದೆ. ಅದರ ಮೈಯಲ್ಲಿ ನೀರು ಬೆವರಿನಂತೆ ಹನಿಗಟ್ಟಿರುತ್ತದೆ. ಒಳಗಿರುವ ದ್ರವ ವೇಗವಾಗಿ ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ನಿಯಮದಿಂದ. ಇನ್ನು ಸೈಕಲ್‌ಗೆ ಗಾಳಿ ಹೊಡೆಯುವ ಪಂಪನ್ನು ನೆನಪಿಸಿಕೊಳ್ಳಿ. ಗಾಳಿಯನ್ನು ಒತ್ತಿದಾಗ ಪಂಪಿನ ತುದಿ ಬಿಸಿಯಾಗುತ್ತದೆ. ಈ ಎರಡು ಸಂಗತಿಗಳನ್ನು ಒಂದು ಮುಚ್ಚಿದ ಕೊಳವೆಯಲ್ಲಿ ಸುತ್ತುವಂತೆ ಮಾಡಿದರೆ ಅದೇ ಎ.ಸಿ.

ಗೋಡೆಯ ಮೇಲಿನ ಪೆಟ್ಟಿಗೆಯ ಒಳಗೆ ಕೊಳವೆಗಳ ಒಂದು ಸುರುಳಿ ಇದೆ. ಕಾಯಿಲ್ ಎನ್ನುತ್ತಾರೆ. ಅದರಲ್ಲಿ ದ್ರವವು ಅನಿಲವಾಗುತ್ತಾ ಕೋಣೆಯ ಶಾಖವನ್ನು ಹೀರುತ್ತದೆ. ಆ ಅನಿಲ ತಾಮ್ರದ ಕೊಳವೆಯಲ್ಲಿ ಹೊರಗಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಕಂಪ್ರೆಸರ್ ಅದನ್ನು ಬಲವಾಗಿ ಒತ್ತುತ್ತದೆ. ಒತ್ತಿದ ಅನಿಲ ಹೊರಗಿನ ಬಿಸಿಲಿಗಿಂತಲೂ ಬಿಸಿಯಾಗುತ್ತದೆ. ಹಾಗೆ ಬಿಸಿಯಾಗದಿದ್ದರೆ ತನ್ನ ಶಾಖವನ್ನು ಹೊರಗಿನ ಗಾಳಿಗೆ ಕೊಡಲು ಅದಕ್ಕೆ ಸಾಧ್ಯವಿಲ್ಲ. ಹೊರಗಿನ ಫ್ಯಾನ್ ಆ ಶಾಖವನ್ನು ಊದಿ ಓಡಿಸುತ್ತದೆ. ಅನಿಲ ತಣಿದು ಪುನಃ ದ್ರವವಾಗಿ, ಒಂದು ಸಣ್ಣ ರಂಧ್ರದ ಮೂಲಕ ಒತ್ತಡ ಕಳೆದುಕೊಂಡು ಕೋಣೆಗೆ ಮರಳುತ್ತದೆ. ಇದು ರಾತ್ರಿಯಿಡೀ ನಡೆಯುತ್ತಿರುತ್ತದೆ.

ಒಲೆಯಲ್ಲಿ ಉರಿಯುವ ಗ್ಯಾಸ್ ಮುಗಿಯುತ್ತದೆ. ಎ.ಸಿ.ಯ ಗ್ಯಾಸ್ ಉರಿಯುವುದಿಲ್ಲ, ಸುತ್ತುತ್ತದೆ. ಮುಚ್ಚಿದ ಕೊಳವೆಯಲ್ಲಿ ಎಷ್ಟು ಹಾಕಿದ್ದಾರೋ ಅಷ್ಟೇ ಇರಬೇಕು. ನಿಮ್ಮ ಫ್ರಿಜ್‌ಗೆ ವರ್ಷ ವರ್ಷ ಗ್ಯಾಸ್ ತುಂಬಿಸುತ್ತೀರಾ? ಇಲ್ಲವಲ್ಲ. ಎ.ಸಿ.ಯೂ ಅದೇ ಜಾತಿಯ ಯಂತ್ರ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಬಿರುಕು ಬಿಟ್ಟ ಕೊಡಕ್ಕೆ ನೀರು ತುಂಬಿಸುತ್ತಾ ಹೋದರೆ ಏನು ಪ್ರಯೋಜನ?

ಸೆಕೆಯ ಅರ್ಧ ಭಾಗ ನೀರು

ನಮ್ಮ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಸೆಕೆ ಬೇರೆಯೇ. ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟಿದರೂ ನೆರಳಿಗೆ ಬಂದರೆ ಸ್ವಲ್ಪ ಹಾಯೆನಿಸುತ್ತದೆ. ಇಲ್ಲಿ 34 ಡಿಗ್ರಿಗೇ ಮೈ ಅಂಟಂಟಾಗಿ ಉಸಿರು ಕಟ್ಟಿದಂತಾಗುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ದೇಹ ತಂಪಾಗುವುದಿಲ್ಲ. ಎ.ಸಿ. ಈ ತೇವವನ್ನೂ ತೆಗೆಯುತ್ತದೆ. ತಣ್ಣನೆಯ ಕಾಯಿಲ್‌ಗೆ ಗಾಳಿ ತಾಗಿದಾಗ ಅದರಲ್ಲಿನ ನೀರು ಹನಿಯಾಗಿ ಇಳಿದು ಪೈಪಿನ ಮೂಲಕ ಹೊರಗೆ ಹೋಗುತ್ತದೆ. ಕುತೂಹಲದ ಸಂಗತಿಯೆಂದರೆ ಈ ಯಂತ್ರ ಹುಟ್ಟಿದ್ದೇ ಈ ಉದ್ದೇಶಕ್ಕೆ. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎ.ಸಿ.ಗೆ ಮೂಲ. ಕಾಗದಕ್ಕಾಗಿ ಮಾಡಿದ್ದು ಮನುಷ್ಯರಿಗೂ ಒದಗಿತು.

ಕರಾವಳಿಯಲ್ಲಿ ಒಂದು ರಾತ್ರಿ ಎ.ಸಿ. ಓಡಿದರೆ ಬಕೆಟ್‌ನಲ್ಲಿ ಹಲವು ಲೀಟರ್ ನೀರು ಸೇರುತ್ತದೆ. ನೆಲ ಒರೆಸಲು, ಗಿಡಗಳಿಗೆ ಹಾಕಲು ಅದು ಸಾಕು. ಆದರೆ ಕಾಯಿಲ್‌ನ ಧೂಳು, ಪಾಚಿಯನ್ನು ತೊಳೆದು ಬರುವ ನೀರಾದ್ದರಿಂದ ಕುಡಿಯಲು, ಅಡುಗೆಗೆ ಬಳಸಬಾರದು. ಇನ್ವರ್ಟರ್ ಬ್ಯಾಟರಿಗೆ ಹಾಕುವವರೂ ಇದ್ದಾರೆ, ಅದೂ ಬೇಡ.

ಈ ನೀರು ಹೊರಗೆ ಹೋಗದೆ ಕೋಣೆಯೊಳಗೆ, ಅದೂ ಸರಿಯಾಗಿ ಹಾಸಿಗೆಯ ಮೇಲೆ, ತೊಟ್ಟಿಕ್ಕುವುದೇ ನಮ್ಮ ಕಡೆ ಅತಿ ಸಾಮಾನ್ಯ ದೂರು. ಕೂಡಲೇ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಹೊರಗೆ ಹೋಗಿ ಪೈಪಿನ ತುದಿಯನ್ನು ನೋಡಿ. ಅದು ಬಕೆಟ್‌ನ ನೀರಿನೊಳಗೆ ಮುಳುಗಿದ್ದರೆ ಅಥವಾ ನಡುವೆ ಬಾಗಿ ಮೇಲಕ್ಕೆದ್ದಿದ್ದರೆ ನೀರು ಇಳಿಯಲಾರದು. ಒಳಗೆ ಪಾಚಿಯ ಲೋಳೆ ಕಟ್ಟಿರಬಹುದು. ಕಣಜ ಮಣ್ಣಿನ ಗೂಡು ಕಟ್ಟಿ ಬಾಯಿ ಮುಚ್ಚಿರುವುದನ್ನೂ ನಾನು ನೋಡಿದ್ದೇನೆ. ತುದಿಯನ್ನು ಸ್ವಚ್ಛಗೊಳಿಸಿದರೆ ಕೆಲವೊಮ್ಮೆ ಅಲ್ಲಿಗೇ ದೂರು ಮುಗಿಯುತ್ತದೆ.

ಹದಿನೈದು ನಿಮಿಷದ ಕೆಲಸ

ಎ.ಸಿ. ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ರಸ್ತೆ ಬದಿಯ ಮನೆಯಾದರೆ ವಾರಕ್ಕೊಮ್ಮೆ. ಮೊದಲು ಸ್ವಿಚ್ ಆಫ್ ಮಾಡಿ. ರಿಮೋಟ್‌ನಲ್ಲಿ ಅಲ್ಲ, ಗೋಡೆಯ ಸ್ವಿಚ್ಚಿನಲ್ಲಿ. ಮುಚ್ಚಳ ಎತ್ತಿ ಜಾಳಿಗೆಗಳನ್ನು ಮೆಲ್ಲನೆ ಹೊರಕ್ಕೆಳೆಯಿರಿ. ನಲ್ಲಿಯ ತಣ್ಣೀರನ್ನು ಧೂಳು ಹಿಡಿದ ಬದಿಗೆ ನೇರವಾಗಿ ಬಿಡದೆ ಹಿಂಬದಿಯಿಂದ ಬಿಟ್ಟರೆ ಧೂಳು ಪದರವಾಗಿ ಕಳಚಿ ಬೀಳುತ್ತದೆ. ಬೇಕಾದರೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ. ಬಿಸಿನೀರು ಬೇಡ, ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ಣ ಒಣಗಿಸಿ ಹಾಕಿ. ಫಿಲ್ಟರ್ ಇಲ್ಲದೆ "ಒಂದು ದಿನ ತಾನೇ" ಎಂದು ಎ.ಸಿ. ಓಡಿಸಿದರೆ ಆ ಧೂಳೆಲ್ಲ ನೇರವಾಗಿ ಒಳಗಿನ ಕಾಯಿಲ್‌ಗೆ ಅಂಟುತ್ತದೆ. ಅದನ್ನು ತೆಗೆಯಲು ಮೆಕ್ಯಾನಿಕ್ಕೇ ಬರಬೇಕು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಮಹತ್ವ ಏಕೆ? ಫಿಲ್ಟರ್ ಕಟ್ಟಿಕೊಂಡರೆ ಕಾಯಿಲ್‌ಗೆ ಗಾಳಿ ತಾಗುವುದಿಲ್ಲ. ಗಾಳಿ ತಾಗದಿದ್ದರೆ ಶಾಖ ಸಿಗದೆ ಕಾಯಿಲ್ ವಿಪರೀತ ತಣ್ಣಗಾಗಿ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆ ಗಡ್ಡೆ ಇದ್ದಬದ್ದ ಗಾಳಿಯನ್ನೂ ತಡೆಯುತ್ತದೆ. ಕೋಣೆ ತಂಪಾಗುವುದಿಲ್ಲ, ಕಂಪ್ರೆಸರ್ ಮಾತ್ರ ಓಡುತ್ತಲೇ ಇರುತ್ತದೆ, ಮೀಟರ್ ತಿರುಗುತ್ತಲೇ ಇರುತ್ತದೆ. ಗಡ್ಡೆ ಕರಗಿದಾಗ ನೀರು ಗೋಡೆಯಲ್ಲಿ ಇಳಿಯುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಹೀಗೆಯೇ ಗಡ್ಡೆ ಕಟ್ಟುವುದುಂಟು. ಅನುಭವವಿಲ್ಲದವರು ಗಡ್ಡೆ ಕಂಡ ಕೂಡಲೇ ಗ್ಯಾಸ್ ಎನ್ನುವುದು ಇದಕ್ಕೇ. ಗಡ್ಡೆ ಕಂಡರೆ ಚಾಕು, ಚಮಚದಿಂದ ಕೆರೆಯಬೇಡಿ. ಕೊಳವೆ ತೂತಾದರೆ ಖರ್ಚು ಹತ್ತು ಪಾಲು. ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಲು ಬಿಡಿ, ತಾನಾಗಿಯೇ ಕರಗುತ್ತದೆ. ನಂತರ ಫಿಲ್ಟರ್ ತೊಳೆದು ಹಾಕಿ ನೋಡಿ.

ಹೊರಗಿನ ಪೆಟ್ಟಿಗೆಯನ್ನಂತೂ ನಾವು ಮರೆತೇ ಬಿಡುತ್ತೇವೆ. ಅದಕ್ಕೆ ಗಾಳಿ ಬೇಕು. ಅದರ ಮೇಲೆ ಒದ್ದೆ ಬಟ್ಟೆ ಹರವುವುದು, ಮುಂದೆ ಹಳೆಯ ಸಾಮಾನು ರಾಶಿ ಹಾಕುವುದು, ಚಂದ ಕಾಣಲೆಂದು ಮುಚ್ಚಿದ ಗೂಡು ಕಟ್ಟಿಸುವುದು ಎಲ್ಲವೂ ಶಾಖ ಹೊರಹೋಗುವ ದಾರಿಗೆ ಅಡ್ಡಿ. ಕಡಲ ತೀರದ ಊರುಗಳಲ್ಲಿ ಇನ್ನೊಂದು ಶತ್ರು ಉಪ್ಪು ಗಾಳಿ. ಅದು ಕಾಯಿಲ್‌ನ ತೆಳುವಾದ ತಗಡುಗಳನ್ನು ತಿಂದು ಬೂದಿಯಂತೆ ಉದುರಿಸುತ್ತದೆ. ಸ್ವಿಚ್ ಆಫ್ ಮಾಡಿ ತಿಂಗಳಿಗೊಮ್ಮೆ ಸಾದಾ ನೀರನ್ನು ಮೆಲ್ಲಗೆ ಆ ತಗಡುಗಳ ಮೇಲೆ ಹಾಯಿಸಿದರೆ ಉಪ್ಪು ತೊಳೆದು ಹೋಗುತ್ತದೆ. ವಯರ್‌ಗಳಿರುವ ಭಾಗಕ್ಕೆ ನೀರು ತಾಗಬಾರದು. ಕೈಗೆಟುಕದ ಎತ್ತರದಲ್ಲಿದ್ದರೆ ನೀವು ಹತ್ತುವ ಸಾಹಸ ಬೇಡ, ಮೆಕ್ಯಾನಿಕ್ ಬಂದಾಗ ಹೇಳಿ ಮಾಡಿಸಿ. ಪೆಟ್ಟಿಗೆಯನ್ನು ಹೊತ್ತಿರುವ ಕಬ್ಬಿಣದ ಸ್ಟ್ಯಾಂಡ್ ತುಕ್ಕು ಹಿಡಿದಿದೆಯೇ ಎಂದೂ ನೋಡಲು ಹೇಳಿ. ಮೇಲಿನ ಮಹಡಿಯಿಂದ ಅದು ಕಳಚಿ ಬಿದ್ದರೆ ಕೆಳಗೆ ಆಡುವ ಮಕ್ಕಳ ಗತಿಯೇನು? ಇದರೊಳಗೆ ಹಲ್ಲಿ ಸೇರಿಕೊಂಡು ಕಾರ್ಡ್ ಸುಟ್ಟುಹೋಗುವುದೂ ಉಂಟು.

ಮೆಕ್ಯಾನಿಕ್ ಬಂದಾಗ

ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರಲ್ಲ. ಉರಿಬಿಸಿಲಲ್ಲಿ ತಾರಸಿಯ ಅಂಚಿನಲ್ಲಿ ನಿಂತು ದುಡಿಯುವವರು ಅವರು. ಆದರೆ ಕೇಳುವವರಿದ್ದರೆ ಕೆಲಸವೂ ಸರಿಯಾಗಿ ನಡೆಯುತ್ತದೆ. "ಗ್ಯಾಸ್ ಇಲ್ಲ" ಎಂದರೆ "ಎಲ್ಲಿ ಸೋರಿದೆ, ತೋರಿಸಿ" ಎನ್ನಿ. ಸೋರುವ ನಟ್ಟಿನ ಸುತ್ತ ಸಾಮಾನ್ಯವಾಗಿ ಎಣ್ಣೆಯ ಜಿಡ್ಡು ಇರುತ್ತದೆ. ಕಂಪ್ರೆಸರ್‌ನ ಎಣ್ಣೆ ಗ್ಯಾಸ್‌ನೊಂದಿಗೆ ಹೊರಬಂದದ್ದು ಅದು. ಸೋರಿಕೆ ಸರಿಪಡಿಸಿದ ಬಳಿಕ ನೈಟ್ರೋಜನ್ ತುಂಬಿಸಿ ಪರೀಕ್ಷಿಸಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್‌ನಿಂದ ಕೊಳವೆಯೊಳಗಿನ ಗಾಳಿ, ತೇವಾಂಶವನ್ನೆಲ್ಲ ಹೊರಗೆಳೆಯಬೇಕು. ಕೊನೆಗೆ ಗ್ಯಾಸನ್ನು ತೂಕ ಮಾಡಿ ತುಂಬಿಸಬೇಕು. ಯಾವ ಗ್ಯಾಸ್, ಎಷ್ಟು ತೂಕ ಎಂಬುದನ್ನು ಹೊರಗಿನ ಪೆಟ್ಟಿಗೆಗೆ ಅಂಟಿಸಿದ ಪಟ್ಟಿಯಲ್ಲಿ ಮುದ್ರಿಸಿರುತ್ತಾರೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಗ್ಯಾಸ್‌ಗಳೆಲ್ಲ ಒಂದೇ ಅಲ್ಲ. ಹಳೆಯ ಎ.ಸಿ.ಗಳಲ್ಲಿ ಆರ್-22 ಇರುತ್ತಿತ್ತು. ಭೂಮಿಯ ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದನ್ವಯ ಅಂತಹ ಗ್ಯಾಸ್‌ಗಳನ್ನು ಹಂತ ಹಂತವಾಗಿ ಕೈಬಿಡಲಾಗುತ್ತಿದೆ. ಈಗಿನ ಎ.ಸಿ.ಗಳಲ್ಲಿ ಹೆಚ್ಚಾಗಿ ಆರ್-32, ಕೆಲವದರಲ್ಲಿ ಆರ್-290 ಇದೆ. ಆರ್-290 ಎಂದರೆ ಪ್ರೊಪೇನ್. ನಮ್ಮ ಅಡುಗೆ ಗ್ಯಾಸ್‌ನಲ್ಲೂ ಅದಿದೆ. ಆರ್-32 ಅಷ್ಟು ಸುಲಭವಾಗಿ ಉರಿಯದಿದ್ದರೂ ಉರಿಯಬಲ್ಲುದು. ಆದ್ದರಿಂದ ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಲಿ, ಬೀಡಿ ಸಿಗರೇಟು ಹಚ್ಚಲು ಬಿಡಬೇಡಿ, ಮಕ್ಕಳನ್ನು ದೂರ ಇಡಿ. ಒಂದಕ್ಕಿರುವ ಗ್ಯಾಸನ್ನು ಇನ್ನೊಂದಕ್ಕೆ ತುಂಬಿಸುವಂತಿಲ್ಲ.

ಬಿಲ್ಲಿನ ಲೆಕ್ಕ

ಒಂದೂವರೆ ಟನ್ ಎ.ಸಿ. ಎಂದರೆ ಅದರ ತೂಕವಲ್ಲ. ಹಿಂದೆ ಮಂಜುಗಡ್ಡೆಯಿಂದ ತಂಪು ಪಡೆಯುತ್ತಿದ್ದ ಕಾಲದ ಅಳತೆ ಅದು. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಸಾಮರ್ಥ್ಯ. 10 ಅಡಿಗೆ 12 ಅಡಿ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ಮೇಲೆ ನೇರವಾಗಿ ಬಿಸಿಲು ಬೀಳುವ ತಾರಸಿಯಿದ್ದರೆ ಒಂದೂವರೆ. ಹಂಚಿನ ಮನೆಯಲ್ಲಿ ಮಾಳಿಗೆ ಇಲ್ಲದೆ ಎ.ಸಿ. ಹಾಕಿಸಿದರೆ ತಂಪೆಲ್ಲ ಹಂಚಿನ ಸಂದಿನಲ್ಲಿ ಹೊರಗೆ ಹೋಗುತ್ತದೆ. ಅಂತಹ ಕಡೆ ಆ ಹಣದಲ್ಲಿ ಮೊದಲು ಮಾಳಿಗೆ ಮಾಡಿಸುವುದು ಒಳ್ಳೆಯದು.

ಸಾಮಾನ್ಯ ಒಂದೂವರೆ ಟನ್ ಎ.ಸಿ.ಯ ಕಂಪ್ರೆಸರ್ ಒಂದು ಗಂಟೆ ಪೂರ್ತಿ ಓಡಿದರೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಖರ್ಚು. ಇನ್ವರ್ಟರ್ ಎ.ಸಿ.ಯಾದರೆ ಕೋಣೆ ತಂಪಾದ ಮೇಲೆ ಕಂಪ್ರೆಸರ್ ನಿಧಾನವಾಗಿ ಓಡುವುದರಿಂದ ಖರ್ಚು ಕಡಿಮೆ. ಹೆಸರು ಕೇಳಿ, ಕರೆಂಟು ಹೋದಾಗ ಬ್ಯಾಟರಿಯಲ್ಲಿ ಓಡುತ್ತದೆ ಎಂದುಕೊಂಡು ಕೊಂಡವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಯೋಜನ ಪಡೆಯುವ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಎಪ್ರಿಲ್‌ನಲ್ಲಿ ಕಟ್ಟಿಕೊಂಡ ಫಿಲ್ಟರ್‌ನೊಂದಿಗೆ ರಾತ್ರಿಯಿಡೀ ಓಡಿದ ಎ.ಸಿ. ಒಂದು ಮನೆಯನ್ನು ಆ ಗೆರೆ ದಾಟಿಸಿಬಿಡಬಹುದು.

16 ಡಿಗ್ರಿಗೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆ ಮಕ್ಕಳಿಗಂತೂ ಬಹಳ. ಶಾಖ ಹೊರುವ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಿಲ್ಲುವುದು ಮಾತ್ರ ತಡವಾಗುತ್ತದೆ. ಒಂದೊಂದು ಡಿಗ್ರಿ ಹೆಚ್ಚಿಸಿದಂತೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಅಂದಾಜು. 2020ರ ಜನವರಿಯಿಂದ ತಯಾರಾದ ಎ.ಸಿ.ಗಳು ಆನ್ ಮಾಡಿದಾಗ 24 ಡಿಗ್ರಿಯಿಂದಲೇ ಆರಂಭವಾಗಬೇಕೆಂದು ನಿಯಮವಾದದ್ದೂ ಇದಕ್ಕಾಗಿಯೇ. 26ಕ್ಕೆ ಇಟ್ಟು ಮೇಲಿನ ಫ್ಯಾನನ್ನು ನಿಧಾನವಾಗಿ ಓಡಿಸಿದರೆ ನಮ್ಮ ಮನೆಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ರಿಮೋಟ್ ಮಾತ್ರ ನನ್ನ ದಿಂಬಿನಡಿ ಇರಬೇಕು.

ಅಂಗಡಿಯಲ್ಲಿ ನಕ್ಷತ್ರಗಳನ್ನು ಎಣಿಸುವಾಗ ಆ ಚೀಟಿಯಲ್ಲಿರುವ ವರ್ಷವನ್ನೂ ನೋಡಿ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಬದಲಾದಾಗ ಹಿಂದಿನ ಐದು ನಕ್ಷತ್ರದ್ದು ನಾಲ್ಕಕ್ಕಿಳಿಯಿತು.

ಮುಚ್ಚಿದ ಕೋಣೆ

ಗೋಡೆಯ ಎ.ಸಿ. ಹೊರಗಿನ ಹೊಸ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯೊಳಗಿನ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಎಲ್ಲ ಸಂದುಗಳನ್ನೂ ಮುಚ್ಚಿ ನಾಲ್ಕೈದು ಮಂದಿ ಮಲಗಿದರೆ ಬೆಳಿಗ್ಗೆ ತಲೆ ಭಾರವಾಗಿರುವುದು ಇದರಿಂದಲೇ. ಮಲಗುವ ಮೊದಲು ಮತ್ತು ಎದ್ದ ಕೂಡಲೇ ಕಿಟಕಿ ತೆರೆಯಬೇಕು.

ಬಾಣಂತಿ ಇರುವ ಮನೆಯವರಲ್ಲಿ ಒಂದು ವಿನಂತಿ. ಮಗುವಿನ ಸ್ನಾನದ ನಂತರ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವುದು ನಮ್ಮಲ್ಲಿ ರೂಢಿ. ಹಿಂದೆ ಅದು ಸಂದುಗೊಂದುಗಳಿದ್ದ ಹಂಚಿನ ಮನೆಯಲ್ಲಿ ನಡೆಯುತ್ತಿತ್ತು. ಈಗ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ ಎ.ಸಿ. ಕೋಣೆಗೆ ಅದೇ ಕೆಂಡದ ಪಾತ್ರೆಯನ್ನು ತರುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಅದು ಎಚ್ಚರಿಸದೆಯೇ ಕೊಲ್ಲಬಲ್ಲುದು. ಎ.ಸಿ. ಅದನ್ನು ಹೊರಹಾಕುವುದಿಲ್ಲ. ಕೆಂಡ ಯಾವ ಕಾರಣಕ್ಕೂ ಮುಚ್ಚಿದ ಕೋಣೆಯೊಳಗೆ ಬರಬಾರದು. ಸೊಳ್ಳೆ ಬತ್ತಿಯನ್ನು ಅಲ್ಲಿ ರಾತ್ರಿಯಿಡೀ ಉರಿಸುವುದೂ ಬೇಡ. ತಣ್ಣನೆಯ ಗಾಳಿ ಮಗುವಿನ ಮೇಲೆ ನೇರವಾಗಿ ಬೀಳದಂತೆ ರೆಕ್ಕೆಗಳನ್ನು ಮೇಲಕ್ಕೆ ತಿರುಗಿಸಿ.

ಇನ್ನು ವಿದ್ಯುತ್ತಿನ ಕಡೆ. ಎ.ಸಿ.ಗೆ ಮೈನ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ವಯರ್, ಎಂ.ಸಿ.ಬಿ. ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್‌ನಿಂದ ಎಳೆಯಬಾರದು. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿದರೆ ಸುಡುವಷ್ಟು ಬಿಸಿಯಿದ್ದರೆ, ಸುಟ್ಟ ವಾಸನೆ ಬಂದರೆ ಎಂ.ಸಿ.ಬಿ. ಇಳಿಸಿ ಎಲೆಕ್ಟ್ರಿಶಿಯನ್‌ನನ್ನು ಕರೆಯಿರಿ. ಅಂತಹ ಪ್ಲಗ್ಗಿಗೆ ನಾಳೆಯ ತನಕ ಕಾಯುವ ತಾಳ್ಮೆ ಇರುವುದಿಲ್ಲ. ಆಫ್ ಮಾಡಿದ ಎ.ಸಿ.ಯನ್ನು ಕೂಡಲೇ ಆನ್ ಮಾಡದೆ ಮೂರು ನಿಮಿಷವಾದರೂ ಬಿಡಿ. ಕಂಪ್ರೆಸರ್‌ಗೆ ಅಷ್ಟು ಸಮಯ ಬೇಕು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎ.ಸಿ. ಬೇಡವಾಗುತ್ತದೆ. ಒದ್ದೆ ಕಾಯಿಲ್ ಹಾಗೆಯೇ ಉಳಿದರೆ ಬೂಸ್ಟು ಹಿಡಿದು, ಮುಂದಿನ ವರ್ಷ ಆನ್ ಮಾಡಿದಾಗ ಹುಳಿ ವಾಸನೆ ಬರುತ್ತದೆ. ಕೊನೆಯ ದಿನ ಫಿಲ್ಟರ್ ತೊಳೆದು ಹಾಕಿ, ಫ್ಯಾನ್ ಮಾತ್ರ ಎರಡು ಗಂಟೆ ಓಡಿಸಿ ಒಳಗನ್ನು ಒಣಗಿಸಿ, ಆಮೇಲೆ ಎಂ.ಸಿ.ಬಿ. ಇಳಿಸಬೇಕು. ಸಿಡಿಲು ಗುಡುಗಿನ ಕಾಲದಲ್ಲಿ ಅದು ಹಾಗೆಯೇ ಇರಲಿ. ರಿಮೋಟ್‌ನ ಸೆಲ್‌ಗಳನ್ನು ತೆಗೆದಿಡಿ, ಸೋರಿ ಹಾಳಾಗುತ್ತವೆ.

ಆ ಐಟಿಐ ಹುಡುಗ ನಟ್ಟು ಸರಿಪಡಿಸಿ, ಮರುದಿನ ಗ್ಯಾಸ್ ತುಂಬಿಸಿ ಹೋದ ಬಳಿಕ ನಾಲ್ಕು ಬೇಸಿಗೆಗಳು ಕಳೆದಿವೆ. ಗೋಡೆಯ ಕ್ಯಾಲೆಂಡರಿನಲ್ಲಿ ಫಿಲ್ಟರ್ ತೊಳೆದ ದಿನಗಳಿಗೆ ಸಣ್ಣ ಗೆರೆ ಹಾಕುತ್ತೇನೆ. ಈ ಸಲದ ಮಾರ್ಚ್‌ನಲ್ಲೂ ನೆರೆಮನೆಯಾಕೆ ಬೇಲಿಯಾಚೆಯಿಂದ ಅದೇ ಪ್ರಶ್ನೆ ಕೇಳಿದರು. ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿಕೊಂಡು ಅವರ ಹಿತ್ತಲಿಗೆ ಹೋದೆ.